ನಾಯಿಬಂಡಿ ಓಟ ನೋಡಿ ಲೆಕ್ಕ ಕಲಿಯುವ ಮಕ್ಕಳು: ಇಡಿಟರಾಡ್ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳನ್ನು ಪ್ರೈಮರಿ ಶಾಲೆಗೆ ಕಳಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ಮಾರ್ಚ್ ಬಂತೆಂದರೆ ಒಂದು ವಿಚಿತ್ರ ಹೋಂವರ್ಕ್ ಎದುರಾಗಬಹುದು. ಮಗು ಬ್ಯಾಗ್ ಬಿಸಾಡಿ, "ನನ್ನ ಮಶರ್ ನಿಕೊಲಾಯ್ ತಲುಪಿದ, ಎರಡು ನಾಯಿ ಬಿಟ್ಟುಬಂದ" ಅನ್ನುತ್ತದೆ. ಯಾರು ಮಶರ್, ಯಾವ ನಾಯಿ, ಇದು ಯಾವ ಸಬ್ಜೆಕ್ಟು ಅಂತ ತಲೆ ಕೆರೆದುಕೊಂಡವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಇದನ್ನು ತಮ್ಮ ತರಗತಿಯಲ್ಲೂ ಮಾಡಿಸಬಹುದಾ ಅಂತ ಯೋಚಿಸುತ್ತಿರುವ ಶಿಕ್ಷಕರ ಪ್ರಶ್ನೆಗಳೂ ಸೇರಿವೆ.

ಇಡಿಟರಾಡ್ ಅಂದರೆ ಏನು?

ಅಲಾಸ್ಕದಲ್ಲಿ ವರ್ಷಕ್ಕೊಮ್ಮೆ ನಡೆಯುವ, ನಾಯಿಗಳು ಎಳೆಯುವ ಸ್ಲೆಡ್‌ಗಳ ಓಟ. ದೂರ ಸುಮಾರು 1,000 ಮೈಲಿ, ಅಂದರೆ 1,600 ಕಿಲೋಮೀಟರ್. ಬೆಂಗಳೂರಿಂದ ಮುಂಬೈಗೆ ಹೋಗಿ, ಅರ್ಧ ದಾರಿ ವಾಪಸ್ ಬಂದರೂ ಇನ್ನೂ ಸ್ವಲ್ಪ ಬಾಕಿ ಇರುತ್ತದೆ. ಸ್ಲೆಡ್ ಓಡಿಸುವವರನ್ನು ಮಶರ್ ಅನ್ನುತ್ತಾರೆ. ಒಬ್ಬ ಮಶರ್, ಹೆಚ್ಚೆಂದರೆ 16 ನಾಯಿ. ಕೆಲವು ವರ್ಷ ಈ ಮಿತಿ 14 ಇತ್ತು. ನಡುವೆ ನಾಯಿ ಬದಲಾಯಿಸುವಂತಿಲ್ಲ. ಸುಸ್ತಾದ ನಾಯಿಯನ್ನು ಚೆಕ್‌ಪಾಯಿಂಟ್‌ನಲ್ಲಿ, ಅಂದರೆ ದಾರಿಯ ನಡುವಿನ ನಿಲ್ದಾಣದಲ್ಲಿ, ಬಿಟ್ಟು ಮುಂದೆ ಹೋಗಬಹುದು, ಆದರೆ ಕೊನೆ ಮುಟ್ಟುವಾಗ ಕನಿಷ್ಠ 5 ನಾಯಿ ಬಂಡಿಗೆ ಕಟ್ಟಿರಬೇಕು.

ಮಾರ್ಚ್ ಮೊದಲ ಶನಿವಾರ ಆಂಕರೇಜ್ ಊರಿನ ಬೀದಿಗಳಲ್ಲಿ ಮೆರವಣಿಗೆಯ ಥರ ಒಂದು ಓಟ ನಡೆಯುತ್ತದೆ. ಅದರ ಸಮಯ ಲೆಕ್ಕಕ್ಕಿಲ್ಲ. ನಿಜವಾದ ಓಟ ಮರುದಿನ ಮಧ್ಯಾಹ್ನ 2 ಗಂಟೆಗೆ ವಿಲೋ ಎಂಬಲ್ಲಿಂದ ಹೊರಟು, ಬೇರಿಂಗ್ ಸಮುದ್ರದ ದಂಡೆಯ ನೋಮ್ ಊರಿನಲ್ಲಿ ಮುಗಿಯುತ್ತದೆ. ಸರಿ ಸಂಖ್ಯೆಯ ವರ್ಷ ಉತ್ತರದ ದಾರಿ, ಬೆಸ ಸಂಖ್ಯೆಯ ವರ್ಷ ದಕ್ಷಿಣದ ದಾರಿ. ನೋಡಿ, ಸರಿ ಬೆಸ ಪಾಠ ಇಲ್ಲಿಂದಲೇ ಶುರು.

ನಾಯಿ ಓಟಕ್ಕೂ ಪಾಠಕ್ಕೂ ಏನು ಸಂಬಂಧ? ಸುಮ್ನೆ ಟೈಂಪಾಸ್ ಅಲ್ವಾ?

ಸರಿಯಾಗಿ ಮಾಡಿಸದಿದ್ದರೆ ಹೌದು, ಟೈಂಪಾಸೇ. ಹಸ್ಕಿ ನಾಯಿಯ ಚಿತ್ರಕ್ಕೆ ಬಣ್ಣ ತುಂಬಿ, ಹತ್ತಿ ಅಂಟಿಸಿ ಹಿಮ ಮಾಡಿ ಮುಗಿಸುವ ಕ್ಲಾಸುಗಳೂ ಇವೆ. ಅದಕ್ಕೆ ಅಲಾಸ್ಕ ಬೇಕಿಲ್ಲ.

ಈ ಓಟದ ಬೆಲೆ ಇರುವುದು ಬೇರೆ ಕಡೆ. ಪಠ್ಯಪುಸ್ತಕದ ಲೆಕ್ಕಕ್ಕೆ ಕೊನೆಯ ಪುಟಗಳಲ್ಲಿ ಉತ್ತರ ಇರುತ್ತದೆ, ಮಕ್ಕಳಿಗೆ ಅದು ಗೊತ್ತು. ಇಲ್ಲಿ ಉತ್ತರ ಯಾರ ಬಳಿಯೂ ಇಲ್ಲ. "ನನ್ನ ಮಶರ್ ನಾಳೆ ಬೆಳಿಗ್ಗೆ ಯೂನಲಕ್ಲೀಟ್ ತಲುಪುತ್ತಾನಾ?" ಎಂಬ ಪ್ರಶ್ನೆಗೆ ಟೀಚರಿಗೂ ಉತ್ತರ ಗೊತ್ತಿಲ್ಲ. ಹಾಗಾಗಿ ಮಗು ಭಾಗಾಕಾರ ಮಾಡುವುದು ಮಾರ್ಕ್ಸ್‌ಗಾಗಿ ಅಲ್ಲ, ತಿಳಿದುಕೊಳ್ಳಬೇಕು ಅನ್ನಿಸಿದ್ದಕ್ಕೆ. ಓಟ ಮುಗಿಯಲು ಹತ್ತು ಹನ್ನೆರಡು ದಿನ ಬೇಕು. ಎರಡು ಶಾಲಾ ವಾರಕ್ಕೆ ಹೇಳಿ ಮಾಡಿಸಿದಂತಿದೆ.

ಯಾವ ಕ್ಲಾಸಿಗೆ ಹೊಂದುತ್ತದೆ?

3, 4, 5ನೇ ತರಗತಿಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕಿಂತ ಚಿಕ್ಕವರಿಗೆ ನಾಯಿ ಎಣಿಸುವುದು, ನಕ್ಷೆಯಲ್ಲಿ ಪಿನ್ ಸರಿಸುವುದು, ಕಥೆ ಹೇಳುವುದು ಸಾಕು.

ಮಶರನ್ನು ಮಕ್ಕಳೇ ಆರಿಸಿಕೊಳ್ಳಬೇಕಾ?

ನನ್ನ ಪ್ರಕಾರ ಬೇಡ, ಚೀಟಿ ಎತ್ತಿಸಿ. ಆರಿಸಲು ಬಿಟ್ಟರೆ ಅರ್ಧ ಕ್ಲಾಸು ಹಿಂದಿನ ವರ್ಷ ಗೆದ್ದವರ ಹಿಂದೆ ಬೀಳುತ್ತದೆ. ಚೀಟಿಯಲ್ಲಾದರೆ ಮೊದಲ ಸಲ ಓಡುವವರೂ ಯಾರಾದರೊಬ್ಬರ ಪಾಲಿಗೆ ಬರುತ್ತಾರೆ. ಹಿಂದೆ ಬಿದ್ದವರ ಬಂಡಿಯಲ್ಲೇ ಜಾಸ್ತಿ ಕಥೆ ಇರುತ್ತದೆ: ಯಾಕೆ ನಿಂತರು, ಎಷ್ಟು ನಾಯಿ ಬಿಟ್ಟರು, ಮುಂದಿನ ಊರಿಗೆ ಎಷ್ಟು ಹೊತ್ತು.

ದಿನಾ ಏನು ಮಾಡಿಸುತ್ತಾರೆ?

ಓಟದ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಬರುತ್ತದೆ. ಯಾವ ಚೆಕ್‌ಪಾಯಿಂಟ್, ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟು ಗಂಟೆಗೆ ಹೊರಟರು, ಬಂದಾಗ ಎಷ್ಟು ನಾಯಿ, ಹೊರಟಾಗ ಎಷ್ಟು ನಾಯಿ. ಬೆಳಿಗ್ಗೆ ಕ್ಲಾಸಿಗೆ ಬಂದ ಕೂಡಲೇ ಪ್ರತಿ ಮಗು ತನ್ನ ಮಶರ್‌ನ ಸಾಲನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕು. ಆಮೇಲೆ ಗೋಡೆಯ ನಕ್ಷೆಯಲ್ಲಿ ಪಿನ್ ಸರಿಸಬೇಕು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಉಳಿದ ಲೆಕ್ಕವೆಲ್ಲ ಆ ಸಾಲಿನಿಂದಲೇ ಹುಟ್ಟುತ್ತದೆ.

ಒಂದು ಉದಾಹರಣೆ. ವೈಟ್ ಮೌಂಟನ್ ಎಂಬ ಊರಿಂದ ಸೇಫ್ಟಿ ಎಂಬ ಜಾಗಕ್ಕೆ 55 ಮೈಲಿ. ಒಬ್ಬ ಮಶರ್ ರಾತ್ರಿ 11:50ಕ್ಕೆ ಹೊರಟು ಬೆಳಿಗ್ಗೆ 7:10ಕ್ಕೆ ತಲುಪಿದ ಅಂದುಕೊಳ್ಳಿ. ಎಷ್ಟು ಹೊತ್ತಾಯಿತು? ಮಧ್ಯರಾತ್ರಿ ದಾಟಿದ್ದರಿಂದ ಸುಮ್ನೆ ಕಳೆದರೆ ಬರುವುದಿಲ್ಲ. 10 ನಿಮಿಷ ಸೇರಿಸಿ ಹನ್ನೆರಡಕ್ಕೆ ಬಂದು, ಅಲ್ಲಿಂದ 7 ಗಂಟೆ 10 ನಿಮಿಷ ಎಣಿಸಬೇಕು. ಒಟ್ಟು 7 ಗಂಟೆ 20 ನಿಮಿಷ. ಇನ್ನು ವೇಗ. ಇಲ್ಲಿ ಮಕ್ಕಳು 55 ಅನ್ನು 7.20ರಿಂದ ಭಾಗಿಸಿಬಿಡುತ್ತಾರೆ. ಕ್ಯಾಲ್ಕುಲೇಟರ್ 7.64 ತೋರಿಸುತ್ತದೆ. ಉತ್ತರ ನೋಡಲು ಸರಿಯಾಗಿಯೇ ಇರುತ್ತದೆ, ಅದೇ ತೊಂದರೆ. 20 ನಿಮಿಷ ಅಂದರೆ ಗಂಟೆಯ ಮೂರನೇ ಒಂದು ಭಾಗ, 0.20 ಅಲ್ಲ. 55ನ್ನು ಏಳೂ ಮೂರನೇ ಒಂದರಿಂದ ಭಾಗಿಸಿದರೆ ಗಂಟೆಗೆ 7.5 ಮೈಲಿ, ಅಂದರೆ 12 ಕಿಲೋಮೀಟರ್. ಈ ತಪ್ಪನ್ನು ನೀವೇ ತೋರಿಸಬೇಡಿ. ಅದೇ ದಾರಿಯನ್ನು ಬೇರೆ ಮಗು ಬೇರೆ ರೀತಿ ಲೆಕ್ಕ ಹಾಕಿ ತಂದಾಗ ಇಬ್ಬರೂ ಜಗಳವಾಡಲಿ. ಗಂಟೆಗೆ 60 ನಿಮಿಷ ಅನ್ನುವುದು ಆಗ ತಲೆಯಲ್ಲಿ ಕೂರುತ್ತದೆ.

ನಾಯಿಗಳ ಲೆಕ್ಕ ಇನ್ನೂ ಸುಲಭ. 16 ಹೊರಟವು, 11 ಉಳಿದಿವೆ. ಬಿಟ್ಟ 5 ಎಲ್ಲಿ ಹೋದವು? ಚೆಕ್‌ಪಾಯಿಂಟ್‌ನಲ್ಲಿ ಪಶುವೈದ್ಯರ ಕಣ್ಣ ಮುಂದೆ ಇರುತ್ತವೆ, ಆಮೇಲೆ ಸಣ್ಣ ವಿಮಾನದಲ್ಲಿ ವಾಪಸ್ ಹೋಗುತ್ತವೆ. ಇದನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಕಡಿಮೆಯಾದ ನಾಯಿಯೆಲ್ಲ ಸತ್ತುಹೋಯಿತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ.

"ಎರಡು ನಿಮಿಷದ ಲೆಕ್ಕ" ಅಂತ ಮಗಳು ಹೇಳುತ್ತಿರುತ್ತಾಳೆ. ಏನದು?

ಇಡೀ ಓಟದಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ಎರಡೆರಡು ನಿಮಿಷಕ್ಕೆ ಒಂದೊಂದು ಬಂಡಿ. 1ನೇ ನಂಬರನ್ನು ಗೌರವಕ್ಕೆ ಅಂತ ಮೀಸಲಿಡುತ್ತಾರೆ, ಹಾಗಾಗಿ ಮೊದಲು ಹೊರಡುವ ಬಂಡಿಯ ನಂಬರು 2. ಆದರೆ ನೋಮ್‌ನಲ್ಲಿ ಮೊದಲು ಗೆರೆ ಮುಟ್ಟಿದವರೇ ಗೆದ್ದವರು. ಹಾಗಾದರೆ ಕೊನೆಗೆ ಹೊರಟವರಿಗೆ ಅನ್ಯಾಯ ಅಲ್ವಾ?

ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸುಮ್ಮನಿರಿ. ಒಬ್ಬರಲ್ಲ ಒಬ್ಬರು ಹೇಳುತ್ತಾರೆ: ಮುಂದೆ ಹೋದವರನ್ನು ದಾರಿಯಲ್ಲಿ ಎಲ್ಲಾದರೂ ಸ್ವಲ್ಪ ನಿಲ್ಲಿಸಬೇಕು. ನಿಯಮವೂ ಅದೇ. ಪ್ರತಿ ಮಶರ್ ದಾರಿಯಲ್ಲಿ ಒಮ್ಮೆ 24 ಗಂಟೆ ಕಡ್ಡಾಯವಾಗಿ ನಿಲ್ಲಬೇಕು. ಹೊರಟ ಸಮಯದ ವ್ಯತ್ಯಾಸವನ್ನು ಆ ವಿಶ್ರಾಂತಿಗೆ ಸೇರಿಸುತ್ತಾರೆ. ಕೊನೆಯ ನಂಬರು 34 ಅಂದುಕೊಳ್ಳಿ. 34ನೇ ಬಂಡಿ ಸರಿಯಾಗಿ 24 ಗಂಟೆ ನಿಂತರೆ ಸಾಕು. 20ನೇ ಬಂಡಿ 14 ಸ್ಥಾನ ಮುಂದಿತ್ತು, ಅದಕ್ಕೆ 28 ನಿಮಿಷ ಜಾಸ್ತಿ. 2ನೇ ಬಂಡಿಗೆ 64 ನಿಮಿಷ, ಅಂದರೆ 25 ಗಂಟೆ 4 ನಿಮಿಷ ನಿಲ್ಲಬೇಕು. 34ರಿಂದ ನಿನ್ನ ನಂಬರು ಕಳೆ, ಎರಡರಿಂದ ಗುಣಿಸು. ಬೀಜಗಣಿತ ಅನ್ನುವ ಪದವನ್ನೇ ಎತ್ತದೆ ಬೀಜಗಣಿತ ಆಯಿತು.

ಗೆದ್ದವರ ಸರಾಸರಿ ವೇಗ ಇಷ್ಟು ಕಡಿಮೆ ಯಾಕೆ?

9 ದಿನದಲ್ಲಿ 1,600 ಕಿಲೋಮೀಟರ್ ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರಿಗೂ ಕಡಿಮೆ. "ನಾನೇ ಅದಕ್ಕಿಂತ ಜೋರಾಗಿ ಓಡ್ತೀನಿ" ಅಂತ ಪ್ರತಿ ಕ್ಲಾಸಿನಲ್ಲೂ ಒಬ್ಬರು ಎದ್ದು ನಿಲ್ಲುತ್ತಾರೆ. ಓಡಬಹುದು, ಒಂದು ಗಂಟೆ. ನಾಯಿಗಳು ಓಡುವಾಗ ಗಂಟೆಗೆ 13ರಿಂದ 16 ಕಿಲೋಮೀಟರ್ ಹೋಗುತ್ತವೆ, ಆದರೆ ದಿನದ ಹೆಚ್ಚುಕಡಿಮೆ ಅರ್ಧ ಹೊತ್ತು ಒಣಹುಲ್ಲಿನ ಮೇಲೆ ಮಲಗಿರುತ್ತವೆ. 24 ಗಂಟೆಯ ವಿಶ್ರಾಂತಿ ಬಿಟ್ಟು, ಯೂಕಾನ್ ನದಿಯ ಭಾಗದಲ್ಲಿ 8 ಗಂಟೆ, ವೈಟ್ ಮೌಂಟನ್‌ನಲ್ಲಿ 8 ಗಂಟೆ ಕಡ್ಡಾಯ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಅನ್ನುವುದೇ ಈ ಓಟದ ತಂತ್ರ.

1973ರಲ್ಲಿ ಮೊದಲ ಸಲ ನೋಮ್‌ವರೆಗೆ ಓಟ ನಡೆದಾಗ ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನ ಬೇಕಾಯಿತು. 2017ರಲ್ಲಿ ಮಿಚ್ ಸೀವಿ 8 ದಿನ 3 ಗಂಟೆ 40 ನಿಮಿಷದಲ್ಲಿ ಮುಗಿಸಿದರು. 1978ರಲ್ಲಂತೂ ಎರಡು ವಾರ ಓಡಿದ ಮೇಲೆ ಮೊದಲನೆಯವರಿಗೂ ಎರಡನೆಯವರಿಗೂ ಇದ್ದ ಅಂತರ ಒಂದೇ ಒಂದು ಸೆಕೆಂಡು. ಡಿಕ್ ಮ್ಯಾಕಿಯ ಮುಂದಾಳು ನಾಯಿಯ ಮೂಗು ರಿಕ್ ಸ್ವೆನ್ಸನ್‌ನ ನಾಯಿಗಿಂತ ಮೊದಲು ಗೆರೆ ದಾಟಿತ್ತು.

ವಿಜ್ಞಾನಕ್ಕೆ ಏನಿದೆ?

ಬೇಕಾದಷ್ಟಿದೆ. ಎಲ್ಲವನ್ನೂ ತುರುಕಲು ಹೋಗಬೇಡಿ, ಮೂರು ವಿಷಯ ಸಾಕು.

ಮೊದಲನೆಯದು ಕಾಲು. ಹಿಮದ ಮೇಲೆ ನಿಂತ ನಾಯಿಯ ಪಾದ ಯಾಕೆ ಹೆಪ್ಪುಗಟ್ಟುವುದಿಲ್ಲ? ಪಾದಕ್ಕೆ ಇಳಿಯುವ ಬಿಸಿ ರಕ್ತದ ನಾಳವೂ ಮೇಲೆ ಬರುವ ತಣ್ಣನೆಯ ರಕ್ತದ ನಾಳವೂ ಒತ್ತೊತ್ತಾಗಿವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಹತ್ತುವ ರಕ್ತಕ್ಕೆ ದಾಟಿಸುತ್ತದೆ. ಹಾಗಾಗಿ ದೇಹದ ಶಾಖ ಹಿಮಕ್ಕೆ ಸೋರಿಹೋಗುವುದಿಲ್ಲ. ಹಾಗಿದ್ದರೂ ನಾಯಿಯ ಕಾಲಿಗೆ ಬೂಟಿ, ಅಂದರೆ ಬಟ್ಟೆಯ ಪುಟ್ಟ ಸಾಕ್ಸು, ಹಾಕುತ್ತಾರಲ್ಲ? ಅದು ಚಳಿಗಲ್ಲ. ಹರಳಿನಂಥ ಮಂಜುಗಡ್ಡೆ ಪಾದ ಕೊಯ್ಯಬಾರದು, ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಬಾರದು ಅಂತ. ಒಬ್ಬ ಮಶರ್ ಒಂದು ಓಟಕ್ಕೆ ಸಾವಿರಕ್ಕೂ ಹೆಚ್ಚು ಬೂಟಿ ಬಳಸುತ್ತಾರೆ. ಇದನ್ನು ಕ್ಲಾಸಿನಲ್ಲೇ ಮಾಡಿ ನೋಡಬಹುದು. ಒಂದು ಗೊಂಬೆ ನಾಯಿ, ಪಾಪುವಿನ ನಾಲ್ಕು ಸಾಕ್ಸು, ಕಟ್ಟಲು ವೆಲ್ಕ್ರೋ ಪಟ್ಟಿ. ನಾಲ್ಕು ಕಾಲಿಗೆ 50 ಸೆಕೆಂಡ್ ಹಿಡಿದರೆ 16 ನಾಯಿಗೆ 800 ಸೆಕೆಂಡು, 13 ನಿಮಿಷ 20 ಸೆಕೆಂಡು. ಗೊಂಬೆ ಒದೆಯುವುದಿಲ್ಲ, ಕಾಲು ಎಳೆದುಕೊಳ್ಳುವುದಿಲ್ಲ ಅನ್ನುವುದನ್ನೂ ನೆನಪಿಸಿ.

ಎರಡನೆಯದು ಊಟ. ಓಡುವ ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ದೊಡ್ಡ ಮನುಷ್ಯರಿಗೆ 2,000ದ ಆಸುಪಾಸು ಸಾಕು. ನಾಯಿ ತೂಗುವುದು 18ರಿಂದ 25 ಕಿಲೋ, ಮೂರನೇ ಕ್ಲಾಸಿನ ಮಗುವಿನಷ್ಟು ಅಥವಾ ಅದಕ್ಕೂ ಕಡಿಮೆ. ಅಷ್ಟೊಂದು ಕ್ಯಾಲೊರಿಯನ್ನು ಕೊಬ್ಬಿಲ್ಲದೆ ತುಂಬಿಸಲು ಆಗುವುದಿಲ್ಲ. ಅಂದಹಾಗೆ, ಇವು ಫೋಟೋದಲ್ಲಿ ಬರುವ ನೀಲಿ ಕಣ್ಣಿನ ಸೈಬೀರಿಯನ್ ಹಸ್ಕಿಗಳಲ್ಲ. ಹೆಚ್ಚಿನವು ಅಲಾಸ್ಕನ್ ಹಸ್ಕಿ ಅನ್ನುವ ಬೆರಕೆ ನಾಯಿಗಳು. ತೆಳ್ಳಗೆ, ಉದ್ದ ಕಾಲು. ರೂಪಕ್ಕಲ್ಲ, ಓಟಕ್ಕಾಗಿ ಬೆಳೆಸಿದವು.

ಮೂರನೆಯದು ಚಳಿ. ಸೆಲ್ಸಿಯಸ್ 10 ಇಳಿದರೆ ಫ್ಯಾರನ್‌ಹೀಟ್ 18 ಇಳಿಯುತ್ತದೆ. 0ಕ್ಕೆ 32, ಮೈನಸ್ 10ಕ್ಕೆ 14, ಮೈನಸ್ 20ಕ್ಕೆ ಮೈನಸ್ 4, ಮೈನಸ್ 30ಕ್ಕೆ ಮೈನಸ್ 22. ಮುಂದಿನ ಸಾಲು ಬರೆಯುವಾಗ ಮಕ್ಕಳು ಪೆನ್ಸಿಲ್ ನಿಲ್ಲಿಸಿ ಪಕ್ಕದವರ ನೋಟ್‌ಬುಕ್ ಇಣುಕುತ್ತಾರೆ: ಮೈನಸ್ 40 ಎರಡರಲ್ಲೂ ಒಂದೇ. ಆ ದಾರಿಯಲ್ಲಿ ಅಂಥ ಚಳಿ ನಿಜವಾಗಿಯೂ ಬೀಳುತ್ತದೆ.

ಬಾಲ್ಟೋ ನಾಯಿಯ ಕಥೆ ಇದೇ ಓಟದ್ದಾ?

ಅಲ್ಲ. ತುಂಬಾ ಜನ ಎರಡನ್ನೂ ಕಲಸಿಬಿಡುತ್ತಾರೆ. ಬಾಲ್ಟೋ ಓಡಿದ್ದು 1925ರಲ್ಲಿ, ಅದು ಪಂದ್ಯವಲ್ಲ. ನೋಮ್‌ನಲ್ಲಿ ಮಕ್ಕಳಿಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ ಬಂತು. ನಮ್ಮ ಮಕ್ಕಳಿಗೆ ಹಾಕಿಸುವ ಡಿಪಿಟಿ ಚುಚ್ಚುಮದ್ದಿನ "ಡಿ" ಇದೇ ಕಾಯಿಲೆ. ಊರಿನ ಡಾಕ್ಟರ್ ಕರ್ಟಿಸ್ ವೆಲ್ಚ್ ಬಳಿ ಇದ್ದ ಸೀರಮ್, ಅಂದರೆ ಆ ಕಾಯಿಲೆಯ ಔಷಧ, ಹಳತಾಗಿತ್ತು. ಸಮುದ್ರ ಹೆಪ್ಪುಗಟ್ಟಿ ಹಡಗು ಬರುವಂತಿರಲಿಲ್ಲ. ಆಗಿನ ವಿಮಾನ ಆ ಚಳಿಯಲ್ಲಿ ಹಾರುತ್ತದೆ ಅನ್ನುವ ನಂಬಿಕೆ ಇರಲಿಲ್ಲ. ಹೊಸ ಸೀರಮ್ ನೆನಾನಾ ಎಂಬ ಊರಿನವರೆಗೆ ರೈಲಿನಲ್ಲಿ ಬಂತು. ಅಲ್ಲಿಂದ ನೋಮ್‌ಗೆ 674 ಮೈಲಿ. 20 ಮಶರ್‌ಗಳು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದೊಳಗೆ ತಲುಪಿಸಿದರು.

ಕೊನೆಯ ಹಂತದಲ್ಲಿ ಗುನ್ನಾರ್ ಕಾಸನ್‌ರ ಬಂಡಿಯ ಮುಂದೆ ಇದ್ದದ್ದು ಬಾಲ್ಟೋ. ಅವರ ಹಂತ ಸುಮಾರು 53 ಮೈಲಿ. ಹೆಸರು ಬಂದದ್ದು ಅವರಿಗೆ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೋ ಪ್ರತಿಮೆಯೂ ಎದ್ದಿತು. ಆದರೆ ಸೀರಮ್ ಹೊತ್ತು ಎಲ್ಲರಿಗಿಂತ ಉದ್ದದ ದಾರಿ, 91 ಮೈಲಿ, ಓಡಿದ್ದು ಲಿಯೊನಾರ್ಡ್ ಸೆಪ್ಪಾಲಾ ಮತ್ತು ಅವರ ಮುಂದಾಳು ನಾಯಿ ಟೋಗೋ. ಅದೂ ನಾರ್ಟನ್ ಸೌಂಡ್ ಎಂಬ ಕೊಲ್ಲಿಯ, ಬಿರುಕು ಬಿಡುತ್ತಿದ್ದ ಮಂಜುಗಡ್ಡೆಯ ಮೇಲೆ. ಟೋಗೋಗೆ ಆಗ 12 ವರ್ಷ. ಹೆಸರು ಯಾರಿಗೆ ಬರಬೇಕಿತ್ತು ಅಂತ ಬರೆಯಲು ಕೊಡಿ. ಮೂರನೇ ಕ್ಲಾಸಿನ ಮಕ್ಕಳು ನ್ಯಾಯದ ವಿಷಯದಲ್ಲಿ ತುಂಬಾ ಖಡಕ್ಕು.

ಇನ್ನೊಂದು ಸಂಗತಿಯನ್ನು ಶಾಲೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು. ಅಷ್ಟೆಲ್ಲ ಹೆಸರು ಬಂದ ಬಾಲ್ಟೋ ಮತ್ತು ಜೊತೆಯ ನಾಯಿಗಳು ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ದುಡ್ಡು ಕೊಟ್ಟು ನೋಡುವ ಪ್ರದರ್ಶನದ ಪಾಲಾಗಿದ್ದವು, ಸರಿಯಾಗಿ ನೋಡಿಕೊಳ್ಳುವವರಿರಲಿಲ್ಲ. 1927ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಜನ ಚಂದಾ ಎತ್ತಿ ಅವನ್ನು ಬಿಡಿಸಿ ತಂದರು. ಆ ಚಂದಾದಲ್ಲಿ ಶಾಲಾ ಮಕ್ಕಳು ಕೂಡಿಸಿದ ಚಿಲ್ಲರೆ ಕಾಸೂ ಇತ್ತು. ಬಾಲ್ಟೋ ಸತ್ತದ್ದು 1933ರಲ್ಲಿ. ಅದರ ದೇಹವನ್ನು ಇವತ್ತಿಗೂ ಕ್ಲೀವ್‌ಲ್ಯಾಂಡಿನ ಮ್ಯೂಸಿಯಂನಲ್ಲಿ ನೋಡಬಹುದು.

ಹಾಗಾದರೆ ಈ ಓಟ ಶುರುವಾಗಿದ್ದು ಯಾಕೆ?

1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳು ಬಂದವು. ಹಳ್ಳಿಗಳಲ್ಲಿ ನಾಯಿಬಂಡಿ ಮಾಯವಾಗತೊಡಗಿತು. ನಾಯಿಗಳೂ ಉಳಿಯಬೇಕು, ಚಿನ್ನ ಹುಡುಕಿಕೊಂಡು ಬಂದವರ ಕಾಲದ ಹಳೇ ದಾರಿಯೂ ಉಳಿಯಬೇಕು ಅಂತ ಜೋ ರೆಡಿಂಗ್ಟನ್ ಮತ್ತು ಡೊರೊಥಿ ಪೇಜ್ ಹೊರಟರು. ಮೊದಲು 1967ರಲ್ಲಿ ಒಂದು ಸಣ್ಣ ಓಟ, ಆಮೇಲೆ 1973ರಲ್ಲಿ ನೋಮ್‌ವರೆಗೆ.

ಇಲ್ಲಿ ಕ್ಲಾಸುಗಳು ಎಡವುವುದು ಒಂದು ಕಡೆ. ಎಲ್ಲವೂ ಚಿನ್ನ ಹುಡುಕಲು ಬಂದವರಿಂದ ಶುರುವಾಯಿತು ಅನ್ನುವಂತೆ ಹೇಳಿಬಿಡುತ್ತಾರೆ. ಅವರಿಗಿಂತ ಎಷ್ಟೋ ಮೊದಲಿನಿಂದ ಅಲಾಸ್ಕದ ಮೂಲನಿವಾಸಿಗಳಾದ ಅಥಬಾಸ್ಕನ್, ಇನೂಪಿಯಾಕ್, ಯೂಪಿಕ್ ಜನ ನಾಯಿ ಕಟ್ಟಿ ಬಂಡಿ ಎಳೆಸುತ್ತಿದ್ದರು. ದಾರಿಯ ಎಷ್ಟೋ ಭಾಗ ಅವರದ್ದೇ. 1925ರಲ್ಲಿ ಸೀರಮ್ ಒಯ್ದವರಲ್ಲೂ ಅವರು ಬಹಳ ಜನ ಇದ್ದರು. 1975ರಲ್ಲಿ ಗೆದ್ದ ಎಮಿಟ್ ಪೀಟರ್ಸ್ ರೂಬಿ ಊರಿನ ಅಥಬಾಸ್ಕನ್. 2011ರಲ್ಲಿ ಗೆದ್ದ ಜಾನ್ ಬೇಕರ್ ಇನೂಪಿಯಾಕ್, 2019ರಲ್ಲಿ ಗೆದ್ದ ಪೀಟ್ ಕೈಸರ್ ಯೂಪಿಕ್. ಚೆಕ್‌ಪಾಯಿಂಟ್ ಅಂದರೆ ಬರೀ ಚುಕ್ಕಿಯಲ್ಲ. ಅವುಗಳಲ್ಲಿ ಹಲವು ಜನ ಬಾಳುವ ಹಳ್ಳಿಗಳು, ಅಲ್ಲೂ ಶಾಲೆಗಳಿವೆ.

ಹೆಣ್ಣುಮಕ್ಕಳೂ ಓಡುತ್ತಾರಾ?

ಒಂದೇ ಓಟ, ಒಂದೇ ಪಟ್ಟಿ. 1985ರಲ್ಲಿ ಲಿಬಿ ರಿಡಲ್ಸ್, ಬೇರೆಯವರು ಹಿಂದೆಗೆದ ಬಿರುಗಾಳಿಯಲ್ಲಿ ಶಾಕ್ಟೂಲಿಕ್ ಎಂಬ ಹಳ್ಳಿಯಿಂದ ಹೊರಟು ಗೆದ್ದರು. ಆಮೇಲಿನ ಐದು ವರ್ಷದಲ್ಲಿ ಸೂಸನ್ ಬುಚರ್ ನಾಲ್ಕು ಸಲ ಗೆದ್ದರು. ಮಕ್ಕಳಿಗೆ ಅಂತ 14ರಿಂದ 17 ವಯಸ್ಸಿನವರ ಜೂನಿಯರ್ ಇಡಿಟರಾಡ್ ಬೇರೆ ಇದೆ.

ಓಟದಲ್ಲಿ ನಾಯಿಗಳು ಸಾಯುತ್ತವಂತೆ. ಇದನ್ನು ಮಕ್ಕಳಿಗೆ ತೋರಿಸಬೇಕಾ?

ಸಾಯುತ್ತವೆ, ನಿಜ. 2024ರ ಓಟದಲ್ಲಿ 3 ನಾಯಿ ಸತ್ತವು, 2025ರಲ್ಲಿ 1. ಪ್ರಾಣಿದಯೆಯ ಸಂಘಟನೆಗಳು ಓಟ ನಿಲ್ಲಿಸಿ ಅಂತ ಬಹಳ ವರ್ಷದಿಂದ ಹೇಳುತ್ತಿವೆ. ದೊಡ್ಡ ದೊಡ್ಡ ಕಂಪನಿಗಳು ಪ್ರಾಯೋಜಕತ್ವದಿಂದ ಹಿಂದೆ ಸರಿದಿವೆ. ಓಟದವರು ಹೇಳುವುದೂ ಇದೆ: ಹೊರಡುವ ಮೊದಲು ಪ್ರತಿ ನಾಯಿಗೆ ಇಸಿಜಿ, ರಕ್ತ ಪರೀಕ್ಷೆ, ಮೈಕ್ರೋಚಿಪ್. ದಾರಿಯುದ್ದಕ್ಕೂ ಪಶುವೈದ್ಯರು. ಈ ನಾಯಿಗಳಿಗೆ ಓಡುವುದೆಂದರೆ ಪ್ರಾಣ, ಕಟ್ಟುವಾಗಲೇ ಕುಣಿಯುತ್ತವೆ.

ಕೆಲವು ಟೀಚರುಗಳು ಈ ವಿಷಯವನ್ನೇ ಎತ್ತುವುದಿಲ್ಲ, ಮಕ್ಕಳಿಗೆ ಬೇಜಾರಾಗುತ್ತದೆ ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಮಕ್ಕಳು ದಿನಾ ನಾಯಿ ಎಣಿಸುತ್ತಿದ್ದಾರೆ. ಒಂದು ನಾಯಿ ಸತ್ತರೆ ಅವರಿಗೆ ಹೇಗೂ ಗೊತ್ತಾಗುತ್ತದೆ, ಬಸ್ಸಿನಲ್ಲಿ ಯಾರೋ ಹೇಳುತ್ತಾರೆ. ಗೋಡೆಗೆ ನಕ್ಷೆ ಅಂಟಿಸಿ, ಹುರುಪು ಹತ್ತಿಸಿ, ಕಷ್ಟದ ಪ್ರಶ್ನೆ ಬಂದಾಗ ಮಾತು ಬದಲಿಸಿದರೆ ಅದು ಮೋಸ. ಎರಡೂ ಕಡೆಯವರ ಮಾತನ್ನು ಓದಿಸಿ. "ನಾಯಿಗೆ ಖುಷಿಯಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಓಡಲು ಇಷ್ಟ ಅನ್ನುವುದೂ 1,600 ಕಿಲೋಮೀಟರ್ ಓಡಲು ಇಷ್ಟ ಅನ್ನುವುದೂ ಒಂದೇನಾ?" ಅಂತ ಕೇಳಿ. ಉತ್ತರವನ್ನು ನೀವು ಕೊಡಬೇಡಿ.

ಈ ಜಗಳ ಕನ್ನಡದವರಿಗೆ ಹೊಸದಲ್ಲ. ಕಂಬಳದ ಕೋಣಗಳ ವಿಷಯದಲ್ಲಿ ನಾವು ಇದನ್ನೇ ವರ್ಷಗಟ್ಟಲೆ ಆಡಿದ್ದೇವೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ನಿಂತಿತು, 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು, 2023ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕರಾವಳಿಯ ಅಜ್ಜ ಅಜ್ಜಿ ಇದ್ದರೆ ಮಗು ಫೋನಿನಲ್ಲಿ ಅವರನ್ನೇ ಕೇಳಲಿ. ಕ್ಲಾಸಿನಲ್ಲಿ ಹೇಳಲು ಅದರ ಬಳಿ ಬೇರೆ ಯಾರ ಬಳಿಯೂ ಇಲ್ಲದ ಮಾತಿರುತ್ತದೆ.

ನಾವು ಸಸ್ಯಾಹಾರಿಗಳು. ಮಾಂಸ, ಬೇಟೆ ಎಲ್ಲ ಬರುತ್ತದಾ?

ಬರುತ್ತದೆ. ನಾಯಿಗಳ ಊಟವೇ ಮಾಂಸ, ಮೀನು, ಕೊಬ್ಬು. ಇನ್ನೊಂದು ಪ್ರಸಂಗವೂ ಬರಬಹುದು. 2024ರಲ್ಲಿ ಡಲ್ಲಾಸ್ ಸೀವಿಯ ನಾಯಿಗಳ ಮೇಲೆ ಮೂಸ್ ಎಂಬ ದೊಡ್ಡ ಕಡವೆಯಂಥ ಪ್ರಾಣಿ ಬಿತ್ತು. ಒಂದು ನಾಯಿಗೆ ಗಾಯವಾಯಿತು, ಅವರು ಮೂಸ್‌ಗೆ ಗುಂಡು ಹೊಡೆದರು. ಹಾಗೆ ಕೊಂದರೆ ಅದರ ಹೊಟ್ಟೆ ಬಗೆದು ಮಾಂಸ ಹಾಳಾಗದಂತೆ ಮಾಡಿಯೇ ಮುಂದೆ ಹೋಗಬೇಕು ಅನ್ನುವುದು ನಿಯಮ. ಅದನ್ನು ಸರಿಯಾಗಿ ಮಾಡಲಿಲ್ಲ ಅಂತ 2 ಗಂಟೆ ದಂಡ ಬಿತ್ತು. ಅಷ್ಟಾದರೂ ಗೆದ್ದರು, ಅದು ಅವರ ಆರನೇ ಗೆಲುವು. ಮಗುವಿಗೆ ಇದು ಬೇಡ ಅನ್ನಿಸಿದರೆ ಟೀಚರಿಗೆ ಮೊದಲೇ ಹೇಳಿ. ನನಗಂತೂ, ಕೊಂದ ಪ್ರಾಣಿಯನ್ನು ಸುಮ್ನೆ ಬಿಟ್ಟುಹೋಗುವಂತಿಲ್ಲ ಅನ್ನುವ ನಿಯಮದಲ್ಲಿ ಮಾತಾಡಲು ಬಹಳ ಇದೆ ಅನ್ನಿಸುತ್ತದೆ.

ಹಿಮವೇ ಬೀಳದಿದ್ದರೆ?

ಹಾಗೂ ಆಗಿದೆ. 2003, 2015, 2017, 2025ರಲ್ಲಿ ಹಿಮ ಸಾಲದೆ ಓಟದ ಹೊರಡುವ ಜಾಗವನ್ನು ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಸಾಗಿಸಿದರು. 2016ರಲ್ಲಿ ಆಂಕರೇಜಿನ ಮೆರವಣಿಗೆಗೆ ಫೇರ್‌ಬ್ಯಾಂಕ್ಸ್‌ನಿಂದ ರೈಲಿನಲ್ಲಿ ಹಿಮ ತಂದರು. ಅಲಾಸ್ಕಕ್ಕೆ ರೈಲಿನಲ್ಲಿ ಹಿಮ! ಹವಾಮಾನದ ಪಾಠಕ್ಕೆ ಬೇರೆ ಪೀಠಿಕೆ ಬೇಡ.

ಟೀಚರಿಗೆ ಸಿದ್ಧ ಸಾಮಗ್ರಿ ಸಿಗುತ್ತದಾ? ಖರ್ಚೆಷ್ಟು?

ಓಟದವರದ್ದೇ ಶಿಕ್ಷಣ ವಿಭಾಗವಿದೆ. "ಟೀಚರ್ ಆನ್ ದ ಟ್ರೇಲ್" ಅನ್ನುವ ಯೋಜನೆಯಲ್ಲಿ ಆಯ್ಕೆಯಾದ ಶಿಕ್ಷಕರು ಸಣ್ಣ ವಿಮಾನದಲ್ಲಿ ಚೆಕ್‌ಪಾಯಿಂಟ್‌ನಿಂದ ಚೆಕ್‌ಪಾಯಿಂಟ್‌ಗೆ ಹೋಗಿ ಅಲ್ಲಿಂದಲೇ ಪಾಠ ಬರೆದು ಕಳಿಸುತ್ತಾರೆ. ದಿನದ ಪಟ್ಟಿ ಪುಕ್ಕಟೆ. ವಿಡಿಯೋ, ಜಿಪಿಎಸ್ ಬೇಕಾದರೆ ದುಡ್ಡು ಕಟ್ಟಬೇಕು. ಅದಿಲ್ಲದೆಯೂ ನಡೆಯುತ್ತದೆ. ಒಂದು ನಕ್ಷೆ, ಪಿನ್ನು, ನೋಟ್‌ಬುಕ್ಕು, ಅಷ್ಟೇ.

ವಾರಾಂತ್ಯದ ಕನ್ನಡ ಕ್ಲಾಸಿನಲ್ಲಿ ಬಳಸಬಹುದಾ?

ಖಂಡಿತ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಮಾಡಿದ್ದನ್ನು ಕನ್ನಡದಲ್ಲಿ ಹೇಳಿಸಿ. ಮಶರ್‌ಗಳು ಬಲಕ್ಕೆ "ಜೀ", ಎಡಕ್ಕೆ "ಹಾ" ಅಂತ ಕೂಗುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರು ಹಿಂದಿನಿಂದ ಎಡ, ಬಲ, ನಿಲ್ಲು, ನಡಿ ಅನ್ನಲಿ. ಮುಂದಾಳು ನಾಯಿಗೆ ಕಣ್ಣು ಕಟ್ಟಿ, ನಗುವಿನಲ್ಲೇ ಪಾಠ ಮುಗಿಯುತ್ತದೆ. ದೊಡ್ಡವರಿಗೆ ನೆನ್ನೆ ತಲುಪಿದ, ಈಗ ಮಲಗಿದ್ದಾನೆ, ನಾಳೆ ಹೊರಡುತ್ತಾನೆ ಅಂತ ಕಾಲ ಬದಲಿಸಿ ಬರೆಸಿ.

ಕರ್ನಾಟಕದ ಶಾಲೆಯಲ್ಲಿ ಮಾಡಿಸಬಹುದಾ?

ಮಾಡಿಸಬಹುದು. ಆದರೆ ನಮ್ಮಲ್ಲಿ ಮಾರ್ಚ್ ಅಂದರೆ ಪರೀಕ್ಷೆ, ಅದೇ ದೊಡ್ಡ ತೊಡಕು. ಹಳೇ ವರ್ಷದ ಪಟ್ಟಿ ಇಟ್ಟುಕೊಂಡು, ದಿನಕ್ಕೊಂದು ಹಾಳೆ ಬಿಚ್ಚುತ್ತಾ ಬೇರೆ ತಿಂಗಳಲ್ಲಿ ಆಡಿಸಬಹುದು. ಗೆದ್ದವರು ಯಾರು ಅಂತ ಮಕ್ಕಳು ಮೊಬೈಲಿನಲ್ಲಿ ಹುಡುಕದಂತೆ ನೋಡಿಕೊಳ್ಳಿ. ಅದಕ್ಕೆ 2014ರ ಓಟ ಚೆನ್ನಾಗಿದೆ. ಮುಂದಿದ್ದ ಜೆಫ್ ಕಿಂಗ್ ಕೊನೆಯ ಹಂತದಲ್ಲಿ ಬಿರುಗಾಳಿಗೆ ಸಿಕ್ಕಿಕೊಂಡರು, ಆಲಿ ಜರ್ಕಲ್ ಗಾಳಿ ಇಳಿಯಲಿ ಅಂತ ಸೇಫ್ಟಿಯಲ್ಲಿ ನಿಂತರು, ಡಲ್ಲಾಸ್ ಸೀವಿ ನಿಲ್ಲದೆ ದಾಟಿಹೋದರು. ತಾನು ಗೆದ್ದೆ ಅಂತ ಗೆರೆ ಮುಟ್ಟುವವರೆಗೂ ಅವರಿಗೇ ಗೊತ್ತಿರಲಿಲ್ಲ. ಅಂತರ 2 ನಿಮಿಷ 22 ಸೆಕೆಂಡು.

ಓಟದ ಜೊತೆಜೊತೆಗೇ ನೋಡುವುದಾದರೆ ಸಮಯದ ಲೆಕ್ಕ ಸಿಗುತ್ತದೆ. ವಿಲೋದಲ್ಲಿ ಭಾನುವಾರ ಮಧ್ಯಾಹ್ನ 2 ಗಂಟೆ ಅಂದರೆ ನಮ್ಮಲ್ಲಿ ಸೋಮವಾರ ನಸುಕಿನ 4:30, ವ್ಯತ್ಯಾಸ ಹದಿನಾಲ್ಕೂವರೆ ಗಂಟೆ. ಸಾಮಾನ್ಯವಾಗಿ ಓಟದ ನಡುವೆಯೇ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ ಹದಿಮೂರೂವರೆ.

ಮುಧೋಳ ನಾಯಿ ಬಂಡಿ ಎಳೆಯುತ್ತದಾ?

ಈ ಪ್ರಶ್ನೆ ಬರುವುದು ಮಕ್ಕಳಿಂದ. ಇಲ್ಲ. ಮುಧೋಳದ್ದು ಬಿಸಿಲ ನಾಡಿನ ಬೇಟೆ ನಾಯಿ, ಸ್ವಲ್ಪ ದೂರ ಬಾಣದಂತೆ ಓಡುತ್ತದೆ. ಮೈಮೇಲೆ ಗಿಡ್ಡ ತೆಳ್ಳನೆ ಕೂದಲು. ಹಸ್ಕಿಗೆ ಎರಡು ಪದರದ ದಪ್ಪ ಕೂದಲು. ಎರಡರ ಚಿತ್ರ ಪಕ್ಕಪಕ್ಕ ಇಟ್ಟು, ಯಾವ ನಾಯಿ ಯಾವ ಊರಿಂದ ಬಂದದ್ದು ಹೇಳಿ ಅಂತ ಕೇಳಿ.

ನನ್ನ ಮಗನ ಮಶರ್ ಅರ್ಧಕ್ಕೇ ಬಿಟ್ಟುಬಿಟ್ಟ. ಮಗ ಅಳುತ್ತಿದ್ದಾನೆ. ಏನು ಮಾಡಲಿ?

ಬಿಡುವುದಕ್ಕೆ ಸ್ಕ್ರ್ಯಾಚ್ ಅನ್ನುತ್ತಾರೆ, ಪ್ರತಿ ವರ್ಷ ಕೆಲವರು ಬಿಡುತ್ತಾರೆ. ಯಾಕೆ ಬಿಟ್ಟರು ಅಂತ ಓಟದವರು ಸಣ್ಣ ಸುದ್ದಿ ಹಾಕುತ್ತಾರೆ. ಅದನ್ನು ಅವನ ಜೊತೆ ಕೂತು ಓದಿ. ತುಂಬಾ ಸಲ "ನಾಯಿಗಳ ಒಳಿತಿಗಾಗಿ" ಅಂತಲೇ ಇರುತ್ತದೆ. ಆಮೇಲೆ ಅವನಿಗೆ ಕೊನೆಯ ಬಂಡಿಯನ್ನು ಕೊಡಿ ಅಂತ ಟೀಚರನ್ನು ಕೇಳಿ. ಕೊನೆಗೆ ಮುಟ್ಟಿದವರಿಗೆ ಕೆಂಪು ಲಾಟೀನು ಬಹುಮಾನ ಕೊಡುತ್ತಾರೆ. ಅವರು ಬರುವವರೆಗೆ ನೋಮ್‌ನಲ್ಲಿ ಒಂದು ದೀಪ ಹಚ್ಚಿಟ್ಟಿರುತ್ತಾರೆ. 1973ರಲ್ಲಿ ಕೊನೆಯವರು ತಲುಪಲು 32 ದಿನ ಹಿಡಿಯಿತು. ಈಗ ಅಷ್ಟಾಗುವುದಿಲ್ಲ, ಆದರೂ ಗೆದ್ದವರು ಬಂದ ಮೇಲೂ ಸುಮಾರು ದಿನ ಪಟ್ಟಿ ನಡೆಯುತ್ತಿರುತ್ತದೆ. ಉಳಿದ ಮಕ್ಕಳ ಪಿನ್ನುಗಳೆಲ್ಲ ನೋಮ್‌ನಲ್ಲಿ ನಿಂತ ಮೇಲೂ ಅವನದ್ದೊಂದು ಓಡುತ್ತಿರುತ್ತದೆ.